ಹೊಳೆಯಾಚೆಯ ಪುಟಾಣಿ ರೈಲು

ಸಕಲ ಜೀವಿಗಳಿಗೂ ಅಭಯವಿತ್ತ ಜಿನೇಂದ್ರನ ಪಾದಕ್ಕೆರಗಿ ಈ ಕಥೆಯನ್ನು ಹೇಳುತ್ತೇನೆ.

ಸದಲಗಾದ ರೈತ ಪಾರಿಸ, ದೂಧಗಂಗೆಯಾಚೆಯ ಮನರಂಜನಾ ಪಾರ್ಕಿಗೆ ಮನೆಯವರನ್ನೆಲ್ಲ ಕರೆದೊಯ್ಯಲು ಬೇಸಿಗೆಯಿಂದಲೂ ಹವಣಿಸುತ್ತಿದ್ದನು. ಪಾರ್ಕಿನ ಹೊಸ ಭಾಗ ಹಂತಹಂತವಾಗಿ ತೆರೆಯುತ್ತಿತ್ತು. ನೀರಿನ ಜಾರುಬಂಡೆಗಳು ಆಗಲೇ ತೆರೆದಿದ್ದವು. ಆದರೆ ಮಗಳು ಕಾಜಲಳಿಗೆ ಅಜ್ಜಿಯ ಪಕ್ಕದಲ್ಲಿ ಕುಳಿತು ಪುಟಾಣಿ ರೈಲಿನಲ್ಲಿ ಸುತ್ತುವ ಆಸೆ. ಆ ರೈಲಿನ ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿ ಸಲವೂ ಬ್ಯಾಗಿಗೆ ಬಟ್ಟೆ ತುಂಬಿ, ಮತ್ತೆ ತೆಗೆದಿಟ್ಟು, ಪಾರಿಸನ ಹೆಂಡತಿ ಮಂಗಲ ಸೋತಿದ್ದಳು.

ಕೊನೆಗೆ ರೈಲು ಶ್ರಾವಣದಲ್ಲಿ ಹೊರಡುವುದೆಂದು ಸುದ್ದಿ ಬಂದಿತು. ಅಷ್ಟರಲ್ಲಿ ಅಜ್ಜಿ ಪದ್ಮವ್ವ, ಚಾತುರ್ಮಾಸ ಮುಗಿಯುವವರೆಗೆ ಹೊಳೆ ದಾಟುವುದಿಲ್ಲವೆಂದು ಮುನಿಗಳ ಮುಂದೆ ವ್ರತ ಹಿಡಿದಿದ್ದಳು.

“ನೀವು ಹೋಗಿ ಬರ್ರಿ. ನನ್ನ ಸಲುವಾಗಿ ಕೂಸಿನ ಆಸೆ ಯಾಕ ಕೆಡಸ್ತೀರಿ?” ಎಂದಳು ಪದ್ಮವ್ವ.

“ಚಾತುರ್ಮಾಸ ಮುಗಿಯೂದರಾಗ ಕಬ್ಬಿನ ಕಟಾವು ಸುರು ಆಗ್ತೈತಿ ಅವ್ವಾ. ಆಗ ನನಗ ಬರಾಕ ಆಗಂಗಿಲ್ಲ,” ಎಂದು ಪಾರಿಸ ದಣಿದು ಕುಳಿತನು.

ಕಾಜಲ ಅಜ್ಜಿಯ ಸೆರಗು ಹಿಡಿದಳು. “ಪಪ್ಪಾ ಕಬ್ಬ ಕಡಸಲಿ. ವ್ರತ ಮುಗದ ಮ್ಯಾಲ ನಾನು, ಆಯಿ, ಮಮ್ಮಿ ಬಸ್ಸಿನ್ಯಾಗ ಹೋಗ್ತೀವಿ.”

“ಇಷ್ಟು ದಿನ ತಾರೀಖ ನೋಡಿ ನೋಡಿ, ಕಡೀಕ ನಾನ ಮನ್ಯಾಗ?” ಎಂದನು ಪಾರಿಸ.

“ಮನೀ ಕಾಯಾಕ ಒಬ್ರು ಬೇಕಲ್ಲೋ!” ಎಂದು ಪದ್ಮವ್ವ ನಕ್ಕಳು.

ಪಾರ್ಕಿನ ತಾರೀಖು ಸರಿದಂತೆ ಪದ್ಮವ್ವನ ವ್ರತ ಮುಗಿಯುವ ದಿನ ಸರಿಯುವಂತಿರಲಿಲ್ಲ. ಮಂಗಲ ನಿಟ್ಟುಸಿರುಬಿಟ್ಟು ಬ್ಯಾಗಿನಿಂದ ಬಟ್ಟೆಗಳನ್ನು ತೆಗೆದಳು. ಮುಂದಿನ ಸಲ ಬ್ಯಾಗಿಗೆ ಬೇಕಾಗದ ಗಂಡನ ಅಂಗಿಗಳನ್ನು ಮಾತ್ರ ಬೇರೆಯಾಗಿ ಮಡಿಸಿಟ್ಟಳು.

ಈ ಕಥೆ ಕೇಳಿದವರೆಲ್ಲರ ಮನೆಯಲ್ಲಿ ಹಿರಿಯರ ವ್ರತವೂ ಕಿರಿಯರ ಆಸೆಯೂ ನಿರ್ವಿಘ್ನವಾಗಿ ನೆರವೇರಲಿ. ದಣಿದವರಿಗೆ ವಿಶ್ರಾಂತಿ ದೊರೆಯಲಿ.