ಎದುರಿನ ಬಸ್ಸು

ಬಣ್ಣದಂಗಡಿಯ ಯಜಮಾನರು ತೆರಿಗೆ ಕಟ್ಟುತ್ತಿದ್ದರು. ಅದರಲ್ಲೇನು ವಿಶೇಷ, ಎಲ್ಲರೂ ಕಟ್ಟುತ್ತಾರಲ್ಲ ಎನ್ನುವವರು ಅವರ ಅಂಗಡಿಗೆ ಒಮ್ಮೆಯೂ ಹೋಗಿಲ್ಲವೆಂದೇ ಅರ್ಥ. ಒಂದು ಬ್ರಷ್ ಕೊಳ್ಳಲು ಬಂದವನಿಗೂ ಅವರು ತಮ್ಮ ತೆರಿಗೆಯ ಕಥೆಯನ್ನು ಪುಕ್ಕಟೆಯಾಗಿ ಸೇರಿಸಿ ಕಳಿಸುತ್ತಿದ್ದರು. ಬೀದಿದೀಪ ಉರಿದರೆ ಅದು ಅವರ ದುಡ್ಡು, ಉರಿಯದಿದ್ದರೆ ಅವರ ದುಡ್ಡು ತಿಂದವರ ಕೆಲಸ. ಚರಂಡಿ, ಪಾರ್ಕಿನ ಬೆಂಚು, ಕೊನೆಗೆ ಟ್ರಾಫಿಕ್ ಪೊಲೀಸನ ಟೋಪಿ ಕೂಡ ಅವರ ಲೆಕ್ಕದಲ್ಲಿ ಅವರದೇ. "ನಮ್ಮ ದುಡ್ಡಲ್ಲಿ" ಎಂದು ಅವರು ಶುರುಮಾಡಿದರೆ ಕೆಲಸದ ಹುಡುಗರು ಬಣ್ಣ ಬೆರೆಸಲು ಡಬ್ಬ ಅಲ್ಲಾಡಿಸುವ ಯಂತ್ರವನ್ನು ಸುಮ್ಮನೆ ಚಾಲೂ ಮಾಡಿಬಿಡುತ್ತಿದ್ದರು. ಆ ಗಡಗಡ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ.

ಇಂಥ ಯಜಮಾನರ ಒಡಹುಟ್ಟಿದ ತಮ್ಮ ಸರ್ಕಾರಿ ಬಸ್ಸಿನ ಡ್ರೈವರ್.

ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಸಾಕಿದವರು ಯಜಮಾನರು, ಬಾಯಿಗೆ ತುತ್ತಿಟ್ಟವಳು ಅತ್ತಿಗೆ. ದೊಡ್ಡವನಾದ ಮೇಲೆ ಅಂಗಡಿಯಲ್ಲಿ ಕೂರಿಸಬೇಕೆಂದು ಅವರಿಗೆ ಆಸೆಯಿತ್ತು. ಅವನಿಗೆ ಟರ್ಪೆಂಟೈನ್ ವಾಸನೆ ಮೂಗಿಗೆ ಬಿದ್ದರೆ ತಲೆನೋವು, ಡೀಸೆಲ್ ವಾಸನೆ ಬಿದ್ದರೆ ಹಬ್ಬ. ಹೋಗಿ ಬಸ್ಸು ಸೇರಿಕೊಂಡ. ಅಂಗಡಿಯ ಮೇಲಿನ ಮನೆಯ ಒಂದು ಕೋಣೆಯಲ್ಲಿದ್ದುಕೊಂಡು ಅತ್ತಿಗೆ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ಮದುವೆಯ ಮಾತೆತ್ತಿದರೆ, ಸಂಬಳ ಸ್ವಲ್ಪ ಏರಲಿ ಅತ್ತಿಗೆ ಎನ್ನುತ್ತಿದ್ದ.

ಯಜಮಾನರು ಸಗಟು ಮಾರುಕಟ್ಟೆಗೆ ಹೋಗುವ ದಿನ ತಮ್ಮನ ಬಸ್ಸನ್ನೇ ಹಿಡಿಯುತ್ತಿದ್ದರು. ಡ್ರೈವರ್ ಹಿಂದಿನ ಸೀಟು ಅವರದು. ಅಲ್ಲಿಂದ ಒಂದು ಸಂಗತಿ ನೋಡಿದ್ದರು. ಎದುರಿನಿಂದ ಬಸ್ಸು ಬಂತೆಂದರೆ ತಮ್ಮ, ಸ್ಟೀರಿಂಗಿನ ಮೇಲಿಂದ ಅಂಗೈ ಎತ್ತಿ ತೋರಿಸುತ್ತಿದ್ದ. ಆ ಡ್ರೈವರೂ ತೋರಿಸುತ್ತಿದ್ದ. ಕಣ್ಣು ಮಿಟುಕಿಸುವುದರೊಳಗೆ ಎರಡು ಬಸ್ಸೂ ತಮ್ಮ ತಮ್ಮ ದಾರಿ ಹಿಡಿದಿರುತ್ತಿದ್ದವು. ದಾರಿಯುದ್ದಕ್ಕೂ ಇದೇ.

"ನಿಮಗೆ ಅರ್ಧ ಸಂಬಳ ಬಸ್ ಓಡ್ಸೋಕೆ, ಇನ್ನರ್ಧ ಕೈ ತೋರ್ಸೋಕೆ ಕಣೋ" ಎಂದು ಒಂದು ದಿನ ಊಟಕ್ಕೆ ಕೂತಾಗ ಕಿಚಾಯಿಸಿದ್ದರು.

ತಮ್ಮ ನಕ್ಕ. "ಅದೊಂದು ಬಿಟ್ರೆ ನಮಗೇನಿದೆ ಅಣ್ಣ? ಬಸ್ ತುಂಬ ಜನ ಇರ್ತಾರೆ, ಅವರಿಗೆ ಕಾಣೋದು ನಮ್ಮ ಬೆನ್ನು. ಇಡೀ ದಿನದಲ್ಲಿ ನಮ್ಮ ಮುಖ ನೋಡೋನು ಅಂದ್ರೆ ಎದುರಿಂದ ಬರೋನೊಬ್ಬನೇ."

"ಅವನ ಮುಖ ನೋಡಿ ಹೊಟ್ಟೆ ತುಂಬತ್ತಾ?"

"ಅದಕ್ಕೂ ಇದೆಯಲ್ಲ ಡಬ್ಬಿ" ಎಂದಳು ಯಜಮಾನರ ಹೆಂಡತಿ. "ನಾನು ಕಟ್ಟಿದ್ದು ಯಾರೋ ತಿಂತಾರೆ, ಯಾರದೋ ಮನೇದು ಇವನು ತಿಂತಾನೆ. ಸಂಜೆ ಡಬ್ಬಿ ತೆಗೆದ್ರೆ ದಿನಕ್ಕೊಂದು ಮನೆ ಮಸಾಲೆ ವಾಸನೆ."

ಹೀಗಿರುವಾಗ ಬಸ್ಸಿನವರು ಸಂಬಳ ಏರಿಸಿ ಎಂದು ಮುಷ್ಕರ ಹೂಡಿದರು. ಬಸ್ಸುಗಳೆಲ್ಲ ಡಿಪೋದೊಳಗೆ ಮಲಗಿದವು. ಮನೆಗೆ ಬಣ್ಣ ಬಳಿಯುವ ಕೆಲಸಗಾರರೆಲ್ಲ ಊರಾಚೆಯ ಕಾಲೊನಿಗಳಿಂದ ಬಸ್ಸಿನಲ್ಲೇ ಬರಬೇಕು. ಅವರು ಬರದಿದ್ದರೆ ಬಣ್ಣ ಯಾರಿಗೆ ಬೇಕು? ಅಂಗಡಿ ಭಣಗುಟ್ಟಿತು. ಯಜಮಾನರು ಕೂತಲ್ಲಿ ಕೂರದೆ ಕೌಂಟರಿನ ಹಿಂದೆ ಶತಪಥ ತಿರುಗಿದರು. ಅಲ್ಲಾಡಿಸಲು ಡಬ್ಬವೇ ಇಲ್ಲದ್ದರಿಂದ ಕೆಲಸದ ಹುಡುಗರು ಅವರ ಮಾತನ್ನು ಪೂರ್ತಿ ಕೇಳಬೇಕಾಯಿತು.

ಅಷ್ಟು ಹೊತ್ತಿಗೆ ಟೀವಿಯವಳೊಬ್ಬಳು ಮೈಕು ಹಿಡಿದು ಮಾರುಕಟ್ಟೆ ಬೀದಿಗೆ ಬಂದಳು. ಕೆರೆಯುವ ಮೈಗೆ ಉಗುರು ಸಿಕ್ಕಂತಾಯಿತು. ಯಜಮಾನರು ಅಂಗಡಿಯ ಮೆಟ್ಟಿಲಿಳಿದೇ ಬಂದು ಹೇಳಿದರು: "ಕೊಬ್ಬು ಮೇಡಂ, ಬರೀ ಕೊಬ್ಬು! ತೆರಿಗೆ ಕಟ್ಟೋರು ನಾವು, ಮೆರೆಯೋರು ಅವ್ರು. ದಾರೀಲಿ ಒಬ್ಬರಿಗೊಬ್ಬರು ಕೈ ತೋರಿಸ್ಕೊಂಡು ಹೋಗೋಕೆ ನಮ್ಮ ದುಡ್ಡು ಬೇಕಾ? ಎಲ್ಲರನ್ನೂ ಮನೆಗೆ ಕಳಿಸಿ, ಕೆಲಸ ಇಲ್ಲದ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ!"

ಆ ಮಾತು ಎಲ್ಲರ ಫೋನಿನಲ್ಲೂ ಓಡಾಡಿತು. ವರ್ತಕರ ಸಂಘದ ಅಧ್ಯಕ್ಷರು ಬೆನ್ನು ತಟ್ಟಿದರು. ತಟ್ಟಿದ ಕೈ ತೆಗೆಯದೆ, ನಾಲ್ಕು ಜನರ ಎದುರಿಗೇ ನಗುತ್ತ ಕೇಳಿದರು: "ಮಾತೇನೋ ಜೋರಾಗಿತ್ತು ಯಜಮಾನ್ರೇ. ಆದ್ರೆ ಅಂಥ ಕೊಬ್ಬಿದೋನು ನಿಮ್ಮನೇಲೇ ಒಬ್ಬ ಇದ್ದಾನಲ್ಲ?"

ಎಲ್ಲರೂ ಘೊಳ್ಳೆಂದು ನಕ್ಕರು. ಯಜಮಾನರಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ನಾಚಿಕೆಯಾಯಿತು, ಅದೂ ತಮ್ಮನ ಬಗ್ಗೆ. ನಾಚಿಕೆಯೇನೋ ಸರಿಯಾದ ಮನೆಯನ್ನೇ ಹುಡುಕಿಕೊಂಡು ಬಂದಿತ್ತು, ಬಡಿದ ಬಾಗಿಲು ಮಾತ್ರ ತಪ್ಪು. ಅದು ಅವರಿಗೆ ಆಗ ಹೊಳೆಯಲಿಲ್ಲ.

ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ತಮ್ಮನನ್ನು ಕೂಗಿದರು. "ನಾಳೆ ಬೆಳಿಗ್ಗೆ ನೀನು ಬಸ್ ತೆಗೀಬೇಕು. ಡಿಪೋ ಮ್ಯಾನೇಜರ್ ಹತ್ರ ಅಧ್ಯಕ್ಷರು ಮಾತಾಡಿದಾರೆ."

"ಬೇಡ ಅಣ್ಣ" ಎಂದ ತಮ್ಮ. "ನಾಡಿದ್ದು ನಮ್ಮ ಡ್ರೈವರುಗಳ ಮುಖ ನೋಡ್ಬೇಕು ನಾನು."

"ನನ್ನ ಮುಖ ನೋಡ್ಬೇಕಾಗಿಲ್ವೇನೋ?"

"ನೀವು ಮನೆಯವರು. ಬೈದ್ರೂ ಊಟ ಹಾಕ್ತೀರಿ. ಅವರು ಹಾಗಲ್ಲ."

ಹೆಂಡತಿ ಅಡುಗೆಮನೆಯಿಂದಲೇ, "ಅವನ ಕೆಲಸದ ಜಾಗದಲ್ಲಿ ನೀವ್ಯಾಕೆ ಮೂಗು ತೂರಿಸ್ತೀರಿ?" ಎಂದಳು. ಅದು ಉರಿಗೆ ಎಣ್ಣೆ ಸುರಿದಂತಾಯಿತು. ಯಜಮಾನರು ಆಡಬಾರದ ಮಾತನ್ನು ಆಡಿದರು.

"ಇಷ್ಟು ವರ್ಷ ಸಾಕಿದೀನಿ. ಒಂದು ದಿನ, ಒಂದೇ ಒಂದು ದಿನ, ಅದಕ್ಕೆ ಬದಲು ಏನಾದ್ರೂ ಕೇಳಿದೀನಾ? ಈಗ ಕೇಳ್ತಿದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅತ್ತಿಗೆ, ಯೂನಿಫಾರ್ಮ್ ಇಸ್ತ್ರಿ ಆಗಿದೆಯಾ?" ಎಂದು ಕೇಳಿದ.

ಮರುದಿನ ಡಿಪೋದ ಗೇಟಿನ ಎದುರು ಮುಷ್ಕರದವರು ಟಾರ್ಪಾಲಿನ ಕೆಳಗೆ ರಸ್ತೆಗೆ ಅಡ್ಡವಾಗಿ ಕೂತಿದ್ದರು. ಮುಂದೆ ಕೂತಿದ್ದವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಹಳೆಯ ಡ್ರೈವರ್, ಅವರೆಲ್ಲರ ಮುಖಂಡ. ತಮ್ಮನಿಗೆ ದೊಡ್ಡ ಬಸ್ಸು ಓಡಿಸಲು ಕೈ ಹಿಡಿದು ಕಲಿಸಿದವನೂ ಅವನೇ. ಬಸ್ಸಿನೊಳಗೆ ಯಜಮಾನರು ತಮ್ಮ ಮಾಮೂಲಿ ಸೀಟಿನಲ್ಲಿದ್ದರು. ಪಕ್ಕದಲ್ಲಿ ಅಧ್ಯಕ್ಷರು, ಅವರ ತೊಡೆಯ ಮೇಲೆ ತಮ್ಮನಿಗೆ ಕೊಡಲು ತಂದ ಹೂಗುಚ್ಛ, ಹಿಂದೆ ಟೀವಿಯವಳು. ಕಲ್ಲು ಬಿದ್ದೀತೆಂದು ಯಜಮಾನರು ಕಿಟಕಿಯ ಗಾಜು ಮುಚ್ಚಿದರು.

ಕಲ್ಲು ಬೀಳಲಿಲ್ಲ. ಬೈಗುಳವೂ ಬರಲಿಲ್ಲ. ಡ್ರೈವರ್ ಸೀಟಿನಲ್ಲಿ ಯಾರಿದ್ದಾರೆಂದು ನೋಡಿದ ಮೀಸೆ ಎದ್ದು ನಿಂತ. ದಾರಿಯಲ್ಲಿ ಬಿಟ್ಟಿದ್ದ ತನ್ನ ಚಪ್ಪಲಿಗಳನ್ನು ಬಗ್ಗಿ ಎತ್ತಿಕೊಂಡು ಪಕ್ಕಕ್ಕೆ ಸರಿದ. ಉಳಿದವರೂ ಸರಿದರು. ಬಸ್ಸು ಅವರ ನಡುವೆ ಸಾಗುವಾಗ ತಮ್ಮ, ಅಭ್ಯಾಸಬಲದಿಂದ ಅಂಗೈ ಎತ್ತಿದ. ಮೀಸೆ ಕೈಯಲ್ಲಿದ್ದ ಚಪ್ಪಲಿಯ ಧೂಳು ಕೊಡವುತ್ತಿದ್ದ.

"ನೋಡಿದ್ರಾ, ಹೇಗೆ ಬಾಲ ಮುದುರಿಕೊಂಡ್ರು!" ಎಂದರು ಅಧ್ಯಕ್ಷರು. ಯಜಮಾನರು ಚಪ್ಪಾಳೆ ತಟ್ಟಿದರು. ತಟ್ಟಿದ್ದಷ್ಟೇ ಅಲ್ಲ, ಆ ದಿನ ಅಂಗಡಿಗೆ ಬಂದವರಿಗೆಲ್ಲ ತೆರಿಗೆಯ ಕಥೆ ಬಿಟ್ಟು ತಮ್ಮನ ಕಥೆ ಹೇಳಿದರು.

ಮುಷ್ಕರ ಅದೇ ವಾರ ಮುಗಿಯಿತು. ಕೇಳಿದ್ದಷ್ಟು ಸಿಗದಿದ್ದರೂ ಸಂಬಳ ಏರಿತು. ಎಲ್ಲರಿಗೂ ಏರಿತು, ತಮ್ಮನಿಗೂ. ಬಸ್ಸಿನ ಟಿಕೆಟ್ ದರವೂ ತುಸು ಏರಿದ್ದೇ ತಡ, ಅಧ್ಯಕ್ಷರು ಬಣ್ಣದಂಗಡಿಯ ಮುಂದೆ ನಿಂತು, ಹಾದುಹೋಗುತ್ತಿದ್ದ ಬಸ್ಸಿನ ಕಡೆ ಗದ್ದ ಎತ್ತಿ, "ಈ ನನ್ಮಕ್ಕಳ ಹೊಟ್ಟೆ ತುಂಬ್ಸೋಕೆ ನಾವು ದುಡೀಬೇಕು ನೋಡಿ" ಎಂದರು. ಆ ಬಸ್ಸು ಓಡಿಸುತ್ತಿದ್ದವನು ಯಜಮಾನರ ತಮ್ಮ. ಹೂಗುಚ್ಛ ಕೊಟ್ಟವರಿಗೆ ಅವನ ಗುರುತೇ ಹತ್ತಲಿಲ್ಲ. ಯಜಮಾನರು ಬಾಯಿ ತೆರೆದರು. ನಮ್ಮ ಹುಡುಗ ಅದು ಎನ್ನಬೇಕೆಂದಿದ್ದರು, ಆದರೆ ಕೌಂಟರಿನ ಮೇಲಿದ್ದ ಬಣ್ಣದ ಮಾದರಿ ಕಾರ್ಡುಗಳನ್ನು ಸರಿಯಾಗಿ ಜೋಡಿಸಿಟ್ಟರು.

ಮುಂದಿನ ಸಲ ಸಗಟು ಮಾರುಕಟ್ಟೆಗೆ ಹೊರಟಾಗ ಎಂದಿನಂತೆ ತಮ್ಮನ ಹಿಂದಿನ ಸೀಟಿನಲ್ಲಿ ಕೂತರು. ಮೊದಲ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ತಮ್ಮ ಅಂಗೈ ಎತ್ತಿದ. ಎದುರಿನ ಡ್ರೈವರ್ ಪಕ್ಕದ ಕನ್ನಡಿ ನೋಡಿಕೊಂಡ. ಗಡಿಬಿಡಿಯಲ್ಲಿರಬೇಕು ಎಂದುಕೊಂಡರು ಯಜಮಾನರು. ಇನ್ನೊಂದು ಬಸ್ಸು ಬಂತು. ತಮ್ಮ ಕೈ ಎತ್ತಿದ. ಆ ಡ್ರೈವರ್ ಕಿವಿ ಕೆರೆದುಕೊಂಡ. ಆಸ್ಪತ್ರೆಯ ಹತ್ತಿರ ಬಂದ ಬಸ್ಸಿನಲ್ಲಿದ್ದವನು ಹೊಸಬ. ಅವನ ಕೈ ಪಾಪ, ಅರ್ಧ ಎದ್ದೇಬಿಟ್ಟಿತ್ತು. ಯಾರೆಂದು ತಿಳಿದೊಡನೆ ಹಾಗೇ ಇಳಿಯಿತು.

ತಮ್ಮ ಮಾತ್ರ ಒಂದು ಬಸ್ಸನ್ನೂ ಬಿಡಲಿಲ್ಲ. ಪ್ರತಿ ಸಲವೂ ಮೊದಲಿನ ಹಾಗೆಯೇ ಅಂಗೈ ಎತ್ತಿದ, ಇಳಿಸಿದ. ಹಿಂದೆ ಕೂತಿದ್ದ ಯಜಮಾನರಿಗೆ ಅವನ ಬೆನ್ನು ಕಾಣುತ್ತಿತ್ತು. ಮುಖ ಹೇಗಿದೆಯೋ ಕಾಣುತ್ತಿರಲಿಲ್ಲ. ಎದುರಿನಿಂದ ಇನ್ನೊಂದು ಬಸ್ಸು ಬರದೇ ಇರಲಪ್ಪ ಎಂದು ಅವರು ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದರು. ಬಂತು. ಆಮೇಲೆ ಇನ್ನೊಂದು ಬಂತು. ಎರಡು ಸ್ಟಾಪ್ ಮೊದಲೇ ಯಜಮಾನರು ಇಳಿದುಬಿಟ್ಟು, ಬಿಸಿಲಿನಲ್ಲಿ ನಡೆದುಕೊಂಡು ಹೋದರು.

ಸಂಜೆ ಹೆಂಡತಿ ಡಬ್ಬಿ ತೊಳೆಯುತ್ತ ತನ್ನಷ್ಟಕ್ಕೆ ಹೇಳಿಕೊಂಡಳು: "ಈಗೀಗ ನಮ್ಮನೆ ಅಡುಗೇನೇ ಅರ್ಧ ಉಳಿದು ವಾಪಸ್ ಬರತ್ತೆ." ಯಜಮಾನರು ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿಯನ್ನು ಹುಡುಗರಿಗೆ ಬಿಟ್ಟು ಡಿಪೋಗೆ ಹೋದರು. ಶೆಡ್ಡಿನಲ್ಲಿ ಡ್ರೈವರುಗಳು ಸುತ್ತಲೂ ಕೂತು ಊಟಮಾಡುತ್ತಿದ್ದರು. ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ತಮ್ಮ ಅಲ್ಲಿರಲಿಲ್ಲ. ದೂರದಲ್ಲಿ ನಿಲ್ಲಿಸಿದ್ದ ಬಸ್ಸೊಂದರ ಮೆಟ್ಟಿಲ ಮೇಲೆ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅವನ ಕಣ್ಣಿಗೆ ಬೀಳದ ಹಾಗೆ ಯಜಮಾನರು ಕಂಬದ ಮರೆಗೆ ನಿಂತು ಮೀಸೆಯನ್ನು ಕರೆದರು.

ಮೀಸೆ ಕೈ ತೊಳೆದುಕೊಂಡು ಬಂದ. ಜೀವಮಾನದಲ್ಲಿ ಯಾರೆದುರಿಗೂ ತಗ್ಗದ ಯಜಮಾನರ ತಲೆ ಅಲ್ಲಿ ತಾನಾಗಿಯೇ ತಗ್ಗಿತು.

"ಅವನು ತಾನಾಗಿ ಮಾಡಿದ್ದಲ್ಲ. ನಾನು ಹೇಳಿ ಮಾಡ್ಸಿದ್ದು. ತಪ್ಪು ನನ್ನದು, ಅವನದಲ್ಲ."

"ಗೊತ್ತು ಸಾರ್" ಎಂದ ಮೀಸೆ. "ಟೀವೀಲಿ ನಿಮ್ಮನ್ನೂ ನೋಡಿದ್ವಿ."

"ಗೊತ್ತಿದ್ದೂ ಮತ್ತೆ... ಅಣ್ಣ ಅಷ್ಟು ಒತ್ತಾಯ ಮಾಡಿದ್ರೆ ಅವನಾದ್ರೂ ಏನ್ ಮಾಡ್ತಾನೆ ಹೇಳಿ?"

ಮೀಸೆ ಶೆಡ್ಡಿನ ಕಡೆ ತಿರುಗಿ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಯಜಮಾನರಿಗೆ ಎಷ್ಟೋ ವಾಸಿಯಿತ್ತು.

"ನಮಗೂ ಮನೇಲಿ ಅಣ್ಣಂದಿರಿದ್ರು ಸಾರ್. ಅಪ್ಪಂದಿರಿದ್ರು. ನನ್ನ ಹೆಂಡ್ತಿ ಮಗೂನ ಎತ್ಕೊಂಡು ಬಂದು ಇದೇ ಗೇಟ್ ಹತ್ರ ಅತ್ಲು, ಕೆಲಸಕ್ಕೆ ಹೋಗಿ ಅಂತ."

ಯಜಮಾನರು ತುಟಿ ಒದ್ದೆ ಮಾಡಿಕೊಂಡರು. "ಇವರಿಗೆಲ್ಲ ನೀವೊಂದು ಮಾತು ಹೇಳಿದ್ರೆ... ಮೊದಲಿನ ಹಾಗೆ ಕೈಯಾದ್ರೂ ತೋರ್ಸಿ ಅಂತ."

"ಮಾತಾಡ್ಸಿ ಅಂದ್ರೆ ಮಾತಾಡಿಸ್ತಾರೆ. ಕೈ ತೋರ್ಸಿ ಅಂತ ಹೇಗೆ ಹೇಳ್ಲಿ? ಅದು ಹೇಳಿ ಮಾಡ್ಸೋದಲ್ಲ." ಮೀಸೆ ಒದ್ದೆ ಕೈ ಒರೆಸಿಕೊಂಡು, "ಒಳ್ಳೆ ಡ್ರೈವರ್ ಸಾರ್ ನಿಮ್ಮ ತಮ್ಮ. ನಾನೇ ಕಲಿಸಿದ್ದು" ಎಂದ. ಅಷ್ಟು ಹೇಳಿ ಊಟಕ್ಕೆ ವಾಪಸ್ ಹೋದ.

ರಜೆಯ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ತಮ್ಮ ಅಣ್ಣನ ಎದುರು ಕೂತಿದ್ದ.

"ಅತ್ತಿಗೆ, ನಾಳೆಯಿಂದ ಡಬ್ಬಿ ಬೇಗ ಬೇಕು. ರೂಟ್ ಬದಲಾಗಿದೆ. ಕಲ್ಲುಕ್ವಾರಿ ಕಡೆ."

"ಆ ಧೂಳಲ್ಲಾ?" ಹೆಂಡತಿ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ಆ ಹೊಂಡದ ರಸ್ತೇಲಿ ಮೈ ಮೂಳೆಯೆಲ್ಲ ಪುಡಿಯಾಗಲ್ವಾ? ಯಾರು ಹಾಕಿದ್ದು ನಿನ್ನ ಅಲ್ಲಿಗೆ?"

"ನಾನೇ ಕೇಳಿ ಹಾಕಿಸ್ಕೊಂಡೆ."

ಯಜಮಾನರ ಸಿಟ್ಟು ಹಳೆಯ ಅಭ್ಯಾಸದಂತೆ ಮೇಲೆದ್ದಿತು. "ತಲೆ ಕೆಟ್ಟಿದೆಯಾ? ಮನೆ ಮುಂದೆ ಹಾದುಹೋಗೋ ರೂಟ್ ಬಿಟ್ಟು ಆ ಹಾಳು ಕ್ವಾರಿಗೆ ಯಾಕೋ?"

"ಅಲ್ಲಿಗೆ ಒಂದೇ ಬಸ್ಸು ಅಣ್ಣ" ಎಂದ ತಮ್ಮ. "ಎದುರಿಂದ ಯಾವುದೂ ಬರಲ್ಲ."

ದೂರುವ ದನಿಯಿರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿ, ತಟ್ಟೆಯಿಂದ ತಲೆಯೆತ್ತಿ ಅಣ್ಣನ ಕಡೆ ನೋಡಿದ.

ಯಜಮಾನರಿಗೆ ಅವನು ನೋಡುತ್ತಿರುವುದು ಗೊತ್ತಿತ್ತು. ಇನ್ನು ಮೇಲೆ ಇಡೀ ದಿನದಲ್ಲಿ ಆ ಮುಖವನ್ನು ಎದುರಿನಿಂದ ನೋಡುವವರು ಈ ಮನೆಯ ಇಬ್ಬರೇ ಎಂಬುದೂ ಗೊತ್ತಿತ್ತು. ಒಂದು ಸಲ ತಲೆಯೆತ್ತಿದ್ದರೆ ಸಾಕಿತ್ತು. ಅವರು ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ, ಇಲ್ಲದ ಕಲ್ಲನ್ನು ತಟ್ಟೆಯಲ್ಲಿ ಹುಡುಕುತ್ತ ಕೂತರು.