ಜೋಂಪಿನ ತಾಳ

ಬಟ್ಟೆ ಒಗೆಯುವ ಅಂಗಡಿಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಕೂತು ತೂಕಡಿಸುವ ಮಾಲೀಕನನ್ನು ಯಾರಾದರೂ ಸೋಮಾರಿ ಎಂದೇ ಅನ್ನುತ್ತಾರೆ. ಅನ್ನಲಿ. ಜೋಂಪಣ್ಣನ ಕಣ್ಣು ಮಾತ್ರ ನಿದ್ದೆ ಹೋಗುತ್ತಿತ್ತು, ಬೆರಳುಗಳಲ್ಲ. ಸಾಲಾಗಿ ನಿಂತ ಯಂತ್ರಗಳ ದುಂಡು ಗಾಜಿನೊಳಗೆ ಯಾರದೋ ಅಂಗಿ ಯಾರದೋ ಹೊದಿಕೆಯನ್ನು ಅಟ್ಟಿಸಿಕೊಂಡು ಸುತ್ತುತ್ತಿದ್ದರೆ, ಅವನ ಬೆರಳುಗಳು ಮೊಣಕಾಲಿನ ಮೇಲೆ ಆ ಸದ್ದಿಗೆ ತಾಳ ಹಾಕುತ್ತಿದ್ದವು. ಬೆಚ್ಚಗಿನ ಹಬೆ, ಸೋಪಿನ ಪರಿಮಳ, ಕಿಟಕಿಯಿಂದ ಇಳಿದ ಮಧ್ಯಾಹ್ನದ ಬಿಸಿಲು. ಅಲ್ಲಿ ಕೂತರೆ ಎಂಥವರಿಗೂ ತಾವು ನೀರಿನಡಿ ಇದ್ದೇವೆ ಅನ್ನಿಸುತ್ತಿತ್ತು.

ಜೋಂಪು ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಟ್ಟವನು ಕೊಕ್ಕರೆ, ಅಂದರೆ ‘ಖಾಲಿ ಲಿಫ್ಟ್’ ಬ್ಯಾಂಡಿನ ಹಾಡುಗಾರ, ಉದ್ದ ಕಾಲಿನ ಆಸಾಮಿ. ಹೊಸ ಅಲೆಯ ರಾಕ್ ಆಗಷ್ಟೇ ಎದ್ದಿದ್ದ ಕಾಲ. ವೇದಿಕೆಯ ಮೇಲೆ ನಗಬಾರದು, ಬೆವರಬಾರದು, ಕೂದಲು ಮಾತ್ರ ಬೆಚ್ಚಿಬಿದ್ದವರ ಹಾಗೆ ನೆಟ್ಟಗೆ ನಿಂತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಡ್ರಮ್ ಬಾರಿಸುವುದಕ್ಕೆ ಮನುಷ್ಯ ಇರಬಾರದು, ಯಂತ್ರ ಇರಬೇಕು. ಕೊಕ್ಕರೆ ರೆಕಾರ್ಡ್ ಕಂಪನಿಯವರ ಮುಂದೆ ‘ನಮ್ಮ ಹತ್ತಿರ ಯಂತ್ರ ಇದೆ’ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಹೇಳಿದ ಮೇಲೆ ಹೊಂದಿಸಬೇಕಲ್ಲ? ಪ್ಲೈವುಡ್ ಪೆಟ್ಟಿಗೆಯೊಂದಕ್ಕೆ ಕೆಂಪು ಬಲ್ಬು ಸಿಕ್ಕಿಸಿ ವೇದಿಕೆಯ ನಡುವೆ ಇಟ್ಟರು. ಅದರ ಹಿಂದೆ ಕಪ್ಪು ಪರದೆ. ಪರದೆಯ ಹಿಂದೆ ಇವನು, ಡ್ರಮ್ಮುಗಳ ಜೊತೆ.

ಎಚ್ಚರವಾಗಿ ಬಾರಿಸಿದರೆ ಕೈಗೆ ಹುಮ್ಮಸ್ಸು ಬಂದುಬಿಡುತ್ತಿತ್ತು. ಹಾಡು ಏರಿದಾಗ ಪೆಟ್ಟೂ ಏರುತ್ತಿತ್ತು, ಕೂತವನು ಮನುಷ್ಯ ಎಂದು ಗೊತ್ತಾಗುತ್ತಿತ್ತು. ಹಾಗಾಗಿ ಅವನು ಬಾರಿಸುತ್ತಲೇ ಜೋಂಪು ಹತ್ತಿಸಿಕೊಳ್ಳುವುದನ್ನು ಕಲಿತ. ಪರದೆಯ ಅಂಚಿನಿಂದ ಸೋರಿ ಬರುವ ನೀಲಿ ಬೆಳಕನ್ನೇ ನೋಡುತ್ತ ನೋಡುತ್ತ ಅವನು ಎಲ್ಲಿಗೋ ಇಳಿದುಹೋಗುತ್ತಿದ್ದ. ಕೈಗಳು ಮೇಲೆಯೇ ಉಳಿದು, ಏರಿಳಿತವಿಲ್ಲದೆ, ಯಾರ ಹಂಗೂ ಇಲ್ಲದೆ ಬಾರಿಸುತ್ತಿದ್ದವು. ಕೆಳಗೆ ಅವನಿಗೆ ಸುಖವಾಗಿರುತ್ತಿತ್ತು.

ಜನ ಮರುಳಾದರು. ‘ಯಂತ್ರಕ್ಕೂ ಕನಸು ಬೀಳುತ್ತದೆ’ ಎಂದು ಪತ್ರಿಕೆಯವನೊಬ್ಬ ಬರೆದ. ಪಾಪ, ಗೊತ್ತಿಲ್ಲದೆ ನಿಜವನ್ನೇ ಬರೆದಿದ್ದ. ಕೆಲವು ವರ್ಷ ಊರೂರು ತಿರುಗಿ, ಜಗಳವಾಡಿ, ಬ್ಯಾಂಡು ಮುರಿದುಬಿತ್ತು. ಮುರಿದ ಮೇಲೆಯೇ ಅದರ ಕಾಲ ಬಂತು. ಹುಡುಗ ಹುಡುಗಿಯರು ಗ್ಯಾರೇಜುಗಳಲ್ಲಿ ಕೂತು ಆ ತಾಳವನ್ನೇ ನಕಲು ಮಾಡಿದರು. ಡ್ರಮ್ ಯಂತ್ರ ತಯಾರಿಸುವವರು ಅದನ್ನೇ ತಮ್ಮ ಯಂತ್ರಗಳಿಗೆ ತುಂಬಿಸಿದರು. ಗುಂಡಿ ಒತ್ತಿದರೆ ಸಾಕು, ಜೋಂಪಣ್ಣನ ಕೈ. ಅವನು ಹಾಲು ತರಲು ಹೋದರೆ ಅಂಗಡಿಯ ರೇಡಿಯೋದಲ್ಲಿ ತನ್ನದೇ ಕೈ ಕೇಳಿಸುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿಸಿತ್ತು. ಅಲ್ಲಿ ಹೇಳೋಣವೆಂದರೂ ಬಾಯಿ ಖಾಲಿ ಇರಲಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಕೊಕ್ಕರೆಗೆ ಮಾತು ಕೊಟ್ಟಿದ್ದ. ಹೆಂಡತಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ. ಅಪ್ಪ ಬ್ಯಾಂಡಿನ ವ್ಯಾನು ಓಡಿಸುತ್ತಿದ್ದ ಎಂದೇ ಅವಳು ನಂಬಿದ್ದಳು.

ಆ ಮಗಳೂ ಈಗ ಹಾಡುತ್ತಿದ್ದಳು. ಸಂಜೆ ಅಂಗಡಿಗೆ ಬಂದು, ಬಟ್ಟೆ ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರುತ್ತಿದ್ದಳು.

“ನಮ್ಮ ಬ್ಯಾಂಡಿಗೆ ಡ್ರಮ್ಮರ್ ಬೇಡಪ್ಪಾ,” ಎಂದಳು ಒಂದು ದಿನ. “ನಾನು ಎಲ್ಲಾ ಕಲಿತಿದ್ದು ಖಾಲಿ ಲಿಫ್ಟಿನ ಆ ಯಂತ್ರದಿಂದ. ಮನುಷ್ಯರ ಕೈಲಿ ಅದು ಆಗಲ್ಲ ಬಿಡು. ನೀನು ದಿನಾ ಅದರ ಜೊತೆ ಇದ್ದೆಯಲ್ಲ, ಹೇಗಿತ್ತು ಅದು?”

“ಭಾರ ಇತ್ತು,” ಎಂದ ಜೋಂಪಣ್ಣ. “ವ್ಯಾನಿಗೆ ಹತ್ತಿಸೋಷ್ಟರಲ್ಲಿ ಸಾಕಾಗ್ತಿತ್ತು.”

ಇಸ್ತ್ರಿ ಮೇಜಿನ ಹಿಂದೆ ಹೆಂಡತಿ ಬೇಕೆಂದೇ ಕೆಮ್ಮಿದಳು. ಮಗಳು ಹೋದ ಮೇಲೆ ಶುರುಮಾಡಿದಳು. “ಲೋಕಕ್ಕೆಲ್ಲ ಹೇಳಿ ಅಂತ ನಾನಂದೆನಾ? ಹೆತ್ತ ಮಗಳಿಗೆ ಹೇಳೋಕೇನ್ರೀ ಕಷ್ಟ? ಅವಳು ಗುರು ಅಂತ ಪೆಟ್ಟಿಗೆಗೆ ಕೈ ಮುಗೀತಾಳೆ, ನೀವು ಪಕ್ಕದಲ್ಲಿ ಬಕೆಟ್ ಹಿಡ್ಕೊಂಡು ನಿಂತಿರ್ತೀರ.”

“ಹೇಳಿದ್ರೆ ನಂಬ್ತಾಳಾ? ನಕ್ಕುಬಿಟ್ರೆ?”

ಅವನ ಭಯ ಅದೇ. ಕೊಟ್ಟ ಮಾತು ನೆಪ. ಈ ವಯಸ್ಸಿನಲ್ಲಿ ‘ಆ ಕೈ ನನ್ನದು’ ಅಂದರೆ ಅವಳು ಮುದುಕನ ಬಡಾಯಿ ಎಂದು ಅಂದುಕೊಂಡಾಳು. ಜಗತ್ತಿನಲ್ಲಿ ಇನ್ಯಾರು ನಕ್ಕರೂ ಅವನಿಗೆ ಚಿಂತೆಯಿರಲಿಲ್ಲ. ಅವಳು ನಗುವುದನ್ನು ಮಾತ್ರ ಅವನು ತಡೆದುಕೊಳ್ಳಲಾರ.

ಹೀಗಿರುವಾಗ ಕೊಕ್ಕರೆ ಅಂಗಡಿಗೇ ಬಂದಿಳಿದ. ಕೂದಲು ಉದುರಿತ್ತು, ಕಾಲು ಮಾತ್ರ ಅಷ್ಟೇ ಉದ್ದ. ಹಳೆಯ ಹಾಡುಗಳ ನೆನಪಿಗೆ ಪುರಭವನದಲ್ಲಿ ಕಾರ್ಯಕ್ರಮವಂತೆ. ಇವನ ಮಗಳ ಬ್ಯಾಂಡೇ ಖಾಲಿ ಲಿಫ್ಟಿನ ಹಾಡು ಹಾಡುವುದಂತೆ. ಜೊತೆಗೆ ಅಸಲಿ ಯಂತ್ರವೇ ಬೇಕೆಂದು ಎಲ್ಲರೂ ಹಟ ಹಿಡಿದಿದ್ದಾರಂತೆ.

“ಕೊಡು, ಯಾರು ಬೇಡ ಅಂದ್ರು,” ಎಂದ ಜೋಂಪಣ್ಣ.

“ತಮಾಷೆ ಮಾಡಬೇಡ್ವೋ ಮಾರಾಯ. ಪೆಟ್ಟಿಗೆ ಒಳಗೆ ಏನಿದೆ ಅಂತ ನಿನಗೆ ಗೊತ್ತಿಲ್ವಾ? ಗುಟ್ಟು ರಟ್ಟಾದ್ರೆ ನನ್ನ ಮರ್ಯಾದೆ ಮೂರು ಕಾಸಿಗೆ. ಒಂದೇ ಒಂದು ಸಲ ಪರದೆ ಹಿಂದೆ ಕೂತ್ಕೋ. ಅತ್ತಿಗೆ, ನೀವಾದ್ರೂ ಹೇಳಿ.”

“ನಾನು ಹೇಳೋಕೆ ಶುರು ಮಾಡಿದ್ರೆ ನಿಮಗೆ ಕೇಳೋಕಾಗಲ್ಲ,” ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ.

ಜೋಂಪಣ್ಣ ಒಪ್ಪಿದ. ಕೊಕ್ಕರೆಯ ಮರ್ಯಾದೆಗಾಗಿ ಅಲ್ಲ. ಮಗಳು ಹಾಡುತ್ತಾಳೆ, ತಾನು ಬಾರಿಸುತ್ತೇನೆ, ಅವಳಿಗೆ ಗೊತ್ತಾಗುವುದೂ ಇಲ್ಲ, ಅವಳು ನಗುವುದೂ ಇಲ್ಲ. ಹಾವೂ ಸಾಯದು, ಕೋಲೂ ಮುರಿಯದು. ಕಾರ್ಯಕ್ರಮಕ್ಕೆ ಮುಂಚೆ ಒಮ್ಮೆ ಯಂತ್ರದ ಜೊತೆ ಹಾಡಿ ನೋಡಬೇಕೆಂದು ಮಗಳು ಗೋಗರೆದಳು. ‘ಹಳೇ ಯಂತ್ರಮ್ಮಾ, ಎರಡು ಸಲ ಓಡಿಸಿದ್ರೆ ಸುಟ್ಟುಹೋಗುತ್ತೆ’ ಎಂದು ಕೊಕ್ಕರೆ ಸಾಗಹಾಕಿದ. ಕಾರ್ಯಕ್ರಮ ನೋಡಲು ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಅಪ್ಪ ಹೇಳಿದಾಗ ಮಾತ್ರ ಅವಳು ಗೋಗರೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು.

ಕಾರ್ಯಕ್ರಮದ ಸಂಜೆ ಅವನು ಪುರಭವನದ ಹಿಂಬಾಗಿಲಿನಿಂದ ಹೋಗಿ ಪರದೆಯ ಹಿಂದೆ ಕೂತ. ಅದೇ ಕಪ್ಪು ಕತ್ತಲೆ, ಅಂಚಿನಲ್ಲಿ ಅದೇ ನೀಲಿ. ಡ್ರಮ್ಮುಗಳ ಸುತ್ತ ಮೈಕುಗಳು ಕತ್ತು ಬಗ್ಗಿಸಿ ನಿಂತಿದ್ದವು. ಪರದೆಯಾಚೆ ಜನ ಸಮುದ್ರದ ಹಾಗೆ ಮೊರೆಯುತ್ತಿದ್ದರು. ಹಾಡು ಶುರುವಾಯಿತು. ಅವನು ನೀಲಿಯನ್ನೇ ನೋಡುತ್ತ ಕೆಳಗಿಳಿಯಲು ಕಾದ. ಕೈಗಳು ಹಳೆಯ ದಾರಿ ಹಿಡಿದವು. ಕಣ್ಣು ಭಾರವಾಯಿತು.

ಆಗ ಮಗಳು ದನಿಯೆತ್ತಿದಳು.

ಅಂಗಡಿಯಲ್ಲಿ ಅವಳು ಗುನುಗುವುದನ್ನು ಮಾತ್ರ ಅವನು ಕೇಳಿದ್ದ. ಇದು ಬೇರೆಯೇ. ಪರದೆಯನ್ನು ಹಾಯ್ದು ಆ ದನಿ ಎದೆಗೇ ಬಂತು. ಜೋಂಪು ಹಾರಿಹೋಯಿತು. ಎಷ್ಟು ಕಣ್ಣು ಕಿರಿದು ಮಾಡಿದರೂ ನಿದ್ದೆ ಹತ್ತಿರ ಸುಳಿಯಲಿಲ್ಲ. ಜೋಂಪು ಕಲಿತ ಮೇಲೆ ಮೊದಲ ಬಾರಿ ಪರದೆಯ ಹಿಂದೆ ಪೂರ್ತಿ ಎಚ್ಚರವಾಗಿ ಕೂತಿದ್ದ. ಅವಳು ಉಸಿರೆಳೆದರೆ ಅವನ ಕೋಲು ಗಾಳಿಯಲ್ಲೇ ನಿಂತು ಕಾಯುತ್ತಿತ್ತು. ಅವಳು ಓಡಿದರೆ ಓಡುತ್ತಿತ್ತು. ತಪ್ಪು, ತಪ್ಪು ಎಂದು ಅವನಿಗೆ ಗೊತ್ತಿತ್ತು. ಕೈ ಮಾತು ಕೇಳಲಿಲ್ಲ. ಅದಕ್ಕೆ ಖುಷಿಯಾಗಿತ್ತು.

ಒಂದು ಸಾಲಿನ ಕೊನೆಯನ್ನು ಮಗಳು ಎಳೆದಳು. ಇನ್ನೂ ಎಳೆದಳು. ತನ್ನನ್ನು ಯಾರೋ ಕಾಯುತ್ತಿದ್ದಾರೆ ಎಂದು ಅವಳಿಗೆ ಹೊಳೆದಿರಬೇಕು. ಯಂತ್ರ ಕಾಯುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ಸಾಲು ಬರಲೇ ಇಲ್ಲ.

ಬಾರಿಸುತ್ತಲೇ ಇದ್ದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಮಗಳು ಸುಮ್ಮನಾದರೆ ಯಾವ ಅಪ್ಪನ ಕೈ ಆಡುತ್ತದೆ? ಕೋಲುಗಳು ನಿಂತವು. ಸಭಾಂಗಣ ನಿಶ್ಶಬ್ದವಾಯಿತು. ಮನೆಯಲ್ಲಿ ಕೇಳುವ ಹಾಗೆಯೇ, ಯೋಚಿಸುವುದಕ್ಕೂ ಮುಂಚೆ, ಅವನ ಬಾಯಿಂದ ಮಾತು ಬಂದುಬಿಟ್ಟಿತು.

“ಏನಾಯ್ತು ಮರಿ?”

ಮೈಕುಗಳು ಅದನ್ನು ಎತ್ತಿಕೊಂಡು ಸಭಾಂಗಣದ ಮೂಲೆಮೂಲೆಗೂ ಹರಡಿದವು. ಎಲ್ಲೋ ಯಾರೋ ನಕ್ಕರು. ವೇದಿಕೆಯ ಪಕ್ಕದಲ್ಲಿ ಕೊಕ್ಕರೆಯ ಕುರ್ಚಿ ಕಿರ್ ಎಂದಿತು. ಜೋಂಪಣ್ಣ ಕಣ್ಣು ಮುಚ್ಚಿ, ಇನ್ನೊಂದು ನಗುವಿಗಾಗಿ ಕಾದ.

ಅದು ಬರಲಿಲ್ಲ. ಹೊಟ್ಟೆ ತುಂಬ ಅತ್ತು ಮುಗಿಸಿದ ಮಗುವಿನ ದನಿಯಲ್ಲಿ ಮಗಳು ಹೇಳಿದಳು.

“ಏನಿಲ್ಲಪ್ಪಾ. ಸಾಲು ಮರೆತುಹೋಯ್ತು. ನೀನು ಬಾರಿಸ್ತಿರು, ನಾನು ಬರ್ತೀನಿ.”

ಅವನು ಬಾರಿಸತೊಡಗಿದ.