ಐದು ಬೆರಳಿನ ಗುರುತು

ಹಂಗಳದ ಗುರುಮಲ್ಲಯ್ಯನ ಧೈರ್ಯ ಎಂಥದೆಂದರೆ, ಬಂಡೀಪುರದ ಒಂಟಿ ಸಲಗಗಳು ಅವನ ಹೊಲ ದಾಟುವ ಮುಂಚೆ ಕೆಮ್ಮಿ ಅಪ್ಪಣೆ ಕೇಳುತ್ತಿದ್ದವು. ಅಂಥವನು 2006ರ ಆಷಾಢದಲ್ಲಿ ಹೆಂಡತಿ ರಾಚಮ್ಮನ ತೋಳು ನೋಡಿ ಬೆವೆತುಹೋದ. ತೋಳಿನ ಮೇಲೆ ನೇರಳೆ ಬಣ್ಣದ ಐದು ಬೆರಳು ಮೂಡಿದ್ದವು.

"ಯಾರಮ್ಮಿ ಇಡ್ಕಂಡಿದ್ದು?"

"ಯಾರೂ ಇಲ್ಲ ಕಣಿ. ಏಳೋವಾಗ್ಲೇ ಇತ್ತು."

ಮಾರನೆಯ ದಿನ ಸೊಂಟದಲ್ಲಿ, ಆಮೇಲೆ ಕುತ್ತಿಗೆಯ ಬುಡದಲ್ಲಿ. ಗುರುಮಲ್ಲಯ್ಯ ತೋಳಿನ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿದ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು! ಗುರುತು ಮೂಡಿದ ಹಿಂದಿನ ಸಂಜೆ ಗುಂಡ್ಲುಪೇಟೆಯಲ್ಲಿ ಬಸ್ಸಿಳಿಯುವಾಗ ತಾನೇ ಅವಳ ತೋಳು ಹಿಡಿದಿದ್ದು ಅವನಿಗೆ ಮರೆತೇಹೋಗಿತ್ತು. ನಿದ್ದೆಯಲ್ಲಿ ತನ್ನ ಕೈ ತನಗೇ ಹೇಳದೆ ಅವಳ ಕತ್ತು ಹುಡುಕುತ್ತಿದೆ ಎಂದುಕೊಂಡ. ಏಳು ಆನೆ ಎಳೆದರೂ ಬಿಚ್ಚದಂತೆ ಕೈಗಳನ್ನು ಮಂಚಕ್ಕೆ ಕಟ್ಟಿಸಿಕೊಂಡು ಮಲಗಿದ. ಗುರುತು ಆಗಲೂ ಬಂತು.

ದೆವ್ವ ಬಿಡಿಸುವ ದೊಡ್ಡಮಲ್ಲಮ್ಮನ ಹೆಸರು ಕೇಳಿದರೆ ತಮಿಳುನಾಡಿನ ಪಿಶಾಚಿಗಳೂ ಗಡಿಯಾಚೆಗೇ ನಿಂತುಬಿಡುತ್ತವೆ. ಅವಳು ಬಂದು ಮೂಸಿ ನೋಡಿದಳು.

"ಇದು ಸತ್ತೋರ ಕೈ ಕಣ್ಲಾ. ನಾಳೆ ಹುಣಸೆ ಬರಲು ತತ್ತಾ. ನೂರೊಂದು ಏಟು ಬಿದ್ರೆ ಬುಟ್ಟೋಡ್ತದೆ."

ಬೆಳಿಗ್ಗೆ ಅವನು ಬೆತ್ತದಂಥ ಹುಣಸೆ ಬರಲು ಮುರಿದು ತಂದಾಗ ರಾಚಮ್ಮ ಬಾಯಿ ಮುಕ್ಕಳಿಸುತ್ತಿದ್ದಳು. ಉಗಿದ ನೀರೆಲ್ಲ ಕೆಂಪು. ಮತ್ತೆ ಮುಕ್ಕಳಿಸಿದಳು, ಮತ್ತೂ ಕೆಂಪು. ರಕ್ತ ಉಗುಳುವವಳಿಗೆ ಹೊಡೆಯುವುದು ಹೇಗೆ? ಬರಲು ಬಿಸಾಡಿ ಅವಳನ್ನು ಚಾಮರಾಜನಗರದ ಬಸ್ಸು ಹತ್ತಿಸಿದ.

"ಏನೇನು ಮಾತ್ರೆ ತಗೊಳ್ತಾರೆ?" ಡಾಕ್ಟರ್ ಸುಧಾಮಣಿ ಕೇಳಿದರು.

"ಎದೆ ಆಪರೇಸನ್ ಆದಾಗಿಂದ ರಕ್ತ ತೆಳ್ಳಗಾಗೋ ಮಾತ್ರೆ. ಒಂದಿನಾನೂ ತಪ್ಸಿಲ್ಲ."

"ಬೇರೆ?"

"ಫಿಟ್ಸ್ ಮಾತ್ರೆ ಇತ್ತು. ಮೂರು ವರ್ಸದಿಂದ ಫಿಟ್ಸೇ ಬರ್ನಿಲ್ಲ, ತಿಂಗ್ಳಾಯ್ತು, ನಾನೇ ಬುಡಿಸ್ಬುಟ್ಟೆ. ತಲೆ ಮಾತ್ರೆಗೂ ಎದೆ ಮಾತ್ರೆಗೂ ಏನವ್ವಾ ಸಂಬಂಧ?"

"ಎರಡೂ ಹೋಗೋದು ಒಂದೇ ಲಿವರಿಗೆ! ಫಿಟ್ಸ್ ಮಾತ್ರೆ ಆ ಲಿವರಿನ ಹತ್ತಿರ ಎರಡಾಳಿನ ಕೆಲಸ ಮಾಡಿಸ್ತಿತ್ತು. ರಕ್ತದ ಮಾತ್ರೇನ ಬೇಗ ಅರಗಿಸಿ ಹಾಕ್ತಿತ್ತು, ಅದಕ್ಕೇ ಡೋಸು ಜಾಸ್ತಿ ಇಟ್ಟಿದ್ರು. ನೀವು ನಿಲ್ಲಿಸಿದ್ರಿ. ಲಿವರು ನಿಧಾನ ಆಯ್ತು, ಮಾತ್ರೆ ಮೈಯಲ್ಲೇ ಸೇರ್ತಾ ಹೋಯ್ತು. ಈಗ ಸುಮ್ನೆ ಒತ್ತಿದ್ರೂ ಒಳಗೇ ರಕ್ತ ಸೋರುತ್ತೆ."

ಅವನು ಬರಲಿನ ವಿಷಯ ಬಾಯಿಬಿಟ್ಟ.

"ನೂರೊಂದು ಬೇಕಿರಲಿಲ್ಲ" ಎಂದಷ್ಟೇ ಹೇಳಿ ಡಾಕ್ಟರು ಇಂಜೆಕ್ಷನ್ ತರಿಸಿದರು.

ಸಂಜೆಗೆ ವಸಡಿನ ರಕ್ತ ನಿಂತಿತು. ಗುರುಮಲ್ಲಯ್ಯ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ವಾರ್ಡಿನ ಗೋಡೆಗೆ ಅಂಟಿ ನಿಂತಿದ್ದ.

"ಅಲ್ಯಾಕ್ ನಿಂತಿದ್ದೀರಿ? ಕೈ ಕೊಡಿ" ಎಂದು ರಾಚಮ್ಮ ಮಂಚದಿಂದಲೇ ಕರೆದಳು.

"ಬ್ಯಾಡ ಕಣಮ್ಮಿ."

"ನೀವು ಇಡೀಬ್ಯಾಡಿ. ನಾನು ಇಡ್ಕತೀನಿ."

ಅವಳು ಕೈ ಚಾಚಿದಳು. ಆಗತಾನೇ ನರ್ಸು ನಾಡಿ ಹಿಡಿದು ನೋಡಿದ್ದ ಮಣಿಕಟ್ಟಿನಲ್ಲಿ ಮೂರು ಬೆರಳಿನ ಗುರುತುಗಳು, ಅವನು ನೋಡುನೋಡುತ್ತಿದ್ದಂತೆಯೇ, ಮೆಲ್ಲಗೆ ನೇರಳೆಯಾಗುತ್ತಿದ್ದವು. ಅವನು ಕೈಯನ್ನು ಅಂಗಾತವಾಗಿ, ಅಲುಗಾಡಿಸದೆ, ಅವಳ ಪಕ್ಕದಲ್ಲಿಟ್ಟ.